ಒಂದಾ, ಎರಡಾ? ಒಂದೇ ಗಂಟಿನಲ್ಲಿ ಎರಡು ಲಿಂಫೋಮಾ

"ಸರಿಯಾಗಿ ಹೇಳಪ್ಪ, ಒಂದೇ ಕಾಯಿಲೇನಾ, ಎರಡಾ?"

ಹಾಸನದಿಂದ ಫೋನಿನಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಕೇಳಿದ್ದು ಮಗನನ್ನ. ಮಗ ಉತ್ತರ ಹೇಳೋಕಾಗದೆ ಫೋನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಕೈಗೆ ಕೊಟ್ಟುಬಿಟ್ಟರು. ನನಗೂ ಗೊತ್ತಿರಲಿಲ್ಲ. ಆವತ್ತು ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಈ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದರೆ, ಸುಮಾರು 200 ವರ್ಷದಿಂದ ವೈದ್ಯರೂ ಇದನ್ನೇ ಕೇಳಿಕೊಂಡು ಬಂದಿದ್ದಾರೆ ಅಂತ ಗೊತ್ತಾಯ್ತು. ಪಾಡ್‌ಕಾಸ್ಟ್‌ನಲ್ಲಿ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಊರು. ಉಂಟರ್‌ಫ್ಯೋರಿಂಗ್ ಅನ್ನೋದು ಮ್ಯೂನಿಕ್‌ನ ಈಶಾನ್ಯಕ್ಕೆ ಇಸಾರ್ ನದಿಯ ಪಕ್ಕ ಇರುವ ಸಣ್ಣ ಊರು. ಏರ್‌ಪೋರ್ಟಿಗೆ ಹೋಗುವ ಎಸ್ 8 ರೈಲು ಇಲ್ಲಿ ನೆಲದಡಿಯ ಸ್ಟೇಷನ್ನಿನಲ್ಲಿ ನಿಲ್ಲುತ್ತೆ. ಒಂದು ಕಾಲಕ್ಕೆ ಇಟ್ಟಿಗೆ ಗೂಡುಗಳಿದ್ದ ಜಾಗ. ಈಗ ಟೀವಿ ಚಾನೆಲ್ಲುಗಳ, ವಿಮಾ ಕಂಪನಿಗಳ ಆಫೀಸು. ಹಾಗಾಗಿ ಐಟಿ ಕೆಲಸಕ್ಕೆ ಬಂದ ನಮ್ಮವರೂ ಇದ್ದಾರೆ. "ಉಂಟರ್" ಅಂದ್ರೆ ಕೆಳಗಿನ. ಮೇಲಿನ ಫ್ಯೋರಿಂಗ್ ಕೂಡ ಇದೆ, ಓಬರ್‌ಫ್ಯೋರಿಂಗ್. ಅದು 1913ರಲ್ಲಿ ಮ್ಯೂನಿಕ್ ನಗರದೊಳಗೆ ಸೇರಿಹೋಯ್ತು, ಇದು ಸೇರಲಿಲ್ಲ. ಒಂದೇ ಹೆಸರಿನ ಎರಡು ಊರು, ಇವತ್ತು ಎರಡಕ್ಕೂ ಬೇರೆ ಬೇರೆ ಮೇಯರ್.

ನಮ್ಮ ಬೀದಿಯಲ್ಲೇ ಇರುವ ಆ ಮಗನ ಹೆಸರು ಬೇಡ, ಇಲ್ಲಿ ಅಣ್ಣ ಅಂತಲೇ ಕರೀತೀನಿ. ಬರೆಯೋಕೆ ಅವರೇ ಒಪ್ಪಿದ್ದಾರೆ. ಡಿಸೆಂಬರ್ ರಜೆಗೆ ಊರಿಗೆ ಹೋಗಿದ್ದಾಗ ತಲೆಗೆ ಎಣ್ಣೆ ಹಚ್ಚುತ್ತಿದ್ದ ಅಮ್ಮನ ಕೈಗೆ ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಸಿಕ್ಕಿತು. ನೋವಿಲ್ಲ. ಒತ್ತಿದರೆ ರಬ್ಬರಿನ ಹಾಗೆ. ಬೆಂಗಳೂರಿನಲ್ಲಿ ಆ ಗಂಟನ್ನ ತೆಗೆದು ಪರೀಕ್ಷೆಗೆ ಕೊಟ್ಟರು. ರಿಪೋರ್ಟ್ ಬಂತು: ಫಾಲಿಕ್ಯುಲರ್ ಲಿಂಫೋಮಾ. ಜರ್ಮನಿಗೆ ವಾಪಸ್ ಬಂದ ಮೇಲೆ ಕಂಕುಳಲ್ಲಿ ಇನ್ನೊಂದು ಗಂಟು. ಮ್ಯೂನಿಕ್‌ನಲ್ಲಿ ತೆಗೆದರು. ಈ ಸಲ ರಿಪೋರ್ಟಿನಲ್ಲಿ ಇದ್ದದ್ದು: ಹಾಜ್‌ಕಿನ್ ಲಿಂಫೋಮಾ.

ಮನೆಯಲ್ಲಿ ರಂಪ. "ಬೆಂಗಳೂರಿನವರು ತಪ್ಪು ಹೇಳಿದ್ದಾರೆ" ಅಂತ ಅತ್ತಿಗೆ. "ಇಲ್ಲಿನವರೇ ಯಾಕೆ ತಪ್ಪಿರಬಾರದು" ಅಂತ ಅಣ್ಣನ ತಮ್ಮ. ಎರಡೂ ಸರಿ ಇರಬಹುದು ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರೋದಾದ್ರೂ ಹೇಗೆ? ಒಬ್ಬ ಮನುಷ್ಯನಿಗೆ ಒಂದೇ ಸಲ ಎರಡು ಥರದ ಕ್ಯಾನ್ಸರ್, ಅದೂ ಒಂದೇ ಜಾತಿಯ ಗ್ರಂಥಿಯಲ್ಲಿ!

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಒಂದೆರಡು ಪದ. ಲಿಂಫ್ ಅನ್ನೋದಕ್ಕೆ ಕನ್ನಡದ ಪಠ್ಯಪುಸ್ತಕಗಳಲ್ಲಿ ದುಗ್ಧರಸ ಅಂತಾರೆ. ದುಗ್ಧ ಅಂದರೆ ಹಾಲು. ರಕ್ತನಾಳದಿಂದ ಜಿನುಗಿದ ನೀರನ್ನ ಮತ್ತೆ ರಕ್ತಕ್ಕೆ ಸೇರಿಸುವ ಸಣ್ಣ ಕಾಲುವೆಗಳ ಜಾಲ ಮೈತುಂಬಾ ಇದೆ. ಆ ಕಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಷ್ಟು ದೊಡ್ಡ ಗ್ರಂಥಿಗಳು: ಕುತ್ತಿಗೆ, ಕಂಕುಳು, ತೊಡೆಸಂದಿ, ಹೊಟ್ಟೆಯೊಳಗೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತಲ್ಲ, ಅದೇ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು, ಅಂದರೆ ಲಿಂಫೋಸೈಟ್‌ಗಳು, ಅಲ್ಲಿ ತರಬೇತಿ ಪಡೀತಾವೆ. ಈ ಕಣಗಳೇ ಕೆಟ್ಟು ಲೆಕ್ಕ ತಪ್ಪಿ ಬೆಳೆದರೆ ಲಿಂಫೋಮಾ. ಅದು ಒಂದು ಕಾಯಿಲೆಯ ಹೆಸರಲ್ಲ, ಒಂದು ಕುಲದ ಹೆಸರು. ಇವತ್ತಿನ ಪಟ್ಟಿಗಳಲ್ಲಿ ಹತ್ತಾರು ಬಗೆಗಳಿವೆ. ಕೆಲವು ವರ್ಷಗಟ್ಟಲೆ ಸುಮ್ಮನಿರುತ್ತವೆ, ಕೆಲವು ವಾರಗಳಲ್ಲಿ ಮೈಮೇಲೆ ಬರುತ್ತವೆ. ಔಷಧಿ ಒಂದೊಂದಕ್ಕೆ ಒಂದೊಂದು. ಹೆಸರಿಗಾಗಿ ಯಾಕಿಷ್ಟು ಜಗಳ ಅಂದ್ರೆ ಇದಕ್ಕೇ.

ಹೆಸರು ಇಡೋ ಕೆಲಸ ಶುರುವಾದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. 1832ರಲ್ಲಿ ಥಾಮಸ್ ಹಾಜ್‌ಕಿನ್ ಅನ್ನುವ ವೈದ್ಯ ಗ್ರಂಥಿಗಳೂ ಗುಲ್ಮವೂ ಊದಿಕೊಂಡು ಸತ್ತ 7 ಜನ ರೋಗಿಗಳ ಬಗ್ಗೆ ಒಂದು ಲೇಖನ ಬರೆದ. ಆತ ಸೂಕ್ಷ್ಮದರ್ಶಕ ಬಳಸಿರಲಿಲ್ಲ. ಕಣ್ಣಲ್ಲಿ ನೋಡಿ ಬರೆದದ್ದು. ಲೇಖನವನ್ನ ಜನ ಮರೆತೇಬಿಟ್ಟರು. ಅದೇ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಸ್ವತಂತ್ರವಾಗಿ ಅದೇ ಕಾಯಿಲೆಯನ್ನ ನೋಡಿ, ಆಮೇಲೆ ಹಳೇ ಲೇಖನ ಕಣ್ಣಿಗೆ ಬಿದ್ದು, 1865ರಲ್ಲಿ ಅದಕ್ಕೆ ಹಾಜ್‌ಕಿನ್ ಹೆಸರನ್ನೇ ಇಟ್ಟ. ತಮಾಷೆ ಅಂದರೆ, ಗೈಸ್ ಆಸ್ಪತ್ರೆಯ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದ ಹಾಜ್‌ಕಿನ್‌ನ ಕೆಲವು ಮೂಲ ತುಣುಕುಗಳನ್ನ ಹರ್ಬರ್ಟ್ ಫಾಕ್ಸ್ ಅನ್ನುವವರು 1926ರಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಅವೆಲ್ಲವೂ ಹಾಜ್‌ಕಿನ್ ಕಾಯಿಲೆಯಾಗಿರಲಿಲ್ಲ. ಹೆಸರು ಕೊಟ್ಟ ಲೇಖನದಲ್ಲೇ ಬೇರೆ ಬೇರೆ ಕಾಯಿಲೆಗಳು ಒಟ್ಟಿಗೆ ಕೂತಿದ್ದವು.

ಇನ್ನು ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್. 1898ರಲ್ಲಿ ಈತ ಈ ಕಾಯಿಲೆಯ ಗ್ರಂಥಿಗಳಲ್ಲಿ ದೊಡ್ಡ ದೊಡ್ಡ ವಿಚಿತ್ರ ಕೋಶಗಳನ್ನ ವಿವರಿಸಿದ. ಒಂದೇ ಕೋಶದಲ್ಲಿ ಎರಡೆರಡು ನ್ಯೂಕ್ಲಿಯಸ್, ಗೂಬೆಯ ಕಣ್ಣಿನ ಹಾಗೆ. ಆದರೆ ಆತನ ರೋಗಿಗಳಲ್ಲಿ ಹಲವರಿಗೆ ಕ್ಷಯವೂ ಇತ್ತು. ಹಾಗಾಗಿ ಇದು ಕ್ಷಯದ್ದೇ ಒಂದು ವಿಚಿತ್ರ ರೂಪ ಅಂದುಬಿಟ್ಟ. ನಮ್ಮ ಅಜ್ಜಿಯರು ಕುತ್ತಿಗೆಯ ಸುತ್ತ ಗಂಟು ಕಟ್ಟಿದರೆ ಗಂಡಮಾಲೆ ಅಂತಿದ್ದರಲ್ಲ, ಅದು ಬಹಳಷ್ಟು ಸಲ ಗ್ರಂಥಿಯ ಕ್ಷಯವೇ. ಇವತ್ತಿಗೂ ಕರ್ನಾಟಕದಲ್ಲಿ ಕುತ್ತಿಗೆಯ ಗಂಟು ಅಂದರೆ ವೈದ್ಯರ ತಲೆಗೆ ಮೊದಲು ಬರೋದು ಟೀಬಿ. ಅದು ಸಹಜವೂ ಹೌದು. ಸ್ಟರ್ನ್‌ಬರ್ಗ್ ಕೂಡ ಅದೇ ದಾರಿಯಲ್ಲಿ ಹೋದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡೊರೊಥಿ ರೀಡ್ ಅನ್ನುವ ಯುವ ವೈದ್ಯೆ 1902ರಲ್ಲಿ, ಇಲ್ಲ, ಇದು ಕ್ಷಯವಲ್ಲ, ಇದೇ ಬೇರೆ, ಅಂತ ತೋರಿಸಿದರು. ಇವತ್ತು ಆ ಗೂಬೆಗಣ್ಣಿನ ಕೋಶಕ್ಕೆ ಇಬ್ಬರ ಹೆಸರೂ ಇದೆ: ರೀಡ್–ಸ್ಟರ್ನ್‌ಬರ್ಗ್ ಕೋಶ.

ಅಂದರೆ ನೋಡಿ, ಸ್ಟರ್ನ್‌ಬರ್ಗ್ ಮುಂದೆ ಎರಡು ಕಾಯಿಲೆ ಒಟ್ಟಿಗೆ ಇದ್ದವು, ಆತನಿಗೆ ಕಂಡದ್ದು ಒಂದು. ಮುಂದಿನ ನೂರು ವರ್ಷದಲ್ಲಿ ಇದರ ಉಲ್ಟಾ ನಡೆಯಿತು. ಎರಡು ಅಂತ ಕಂಡದ್ದು ಎಷ್ಟೋ ಸಲ ಒಂದೇ ಆಗಿತ್ತು.

1928ರಲ್ಲಿ ನ್ಯೂಯಾರ್ಕಿನ ಮಾರಿಸ್ ರಿಕ್ಟರ್ 46 ವರ್ಷದ ಒಬ್ಬ ರೋಗಿಯ ಕಥೆ ಬರೆದರು. ಆತನ ರಕ್ತದಲ್ಲಿ ಲಿಂಫ್ಯಾಟಿಕ್ ಲುಕೇಮಿಯಾ, ಸಾಮಾನ್ಯವಾಗಿ ನಿಧಾನದ ಕಾಯಿಲೆ. ಆದರೆ ಗ್ರಂಥಿಗಳಲ್ಲಿ ದೊಡ್ಡ ಕೋಶಗಳ ಉಗ್ರವಾದ ಇನ್ನೊಂದು ಗಡ್ಡೆ. ಇವತ್ತು ಇದಕ್ಕೆ ರಿಕ್ಟರ್ ಪರಿವರ್ತನೆ ಅಂತಾರೆ. ನಿಧಾನದ್ದು ಉಗ್ರವಾಗಿ ಬದಲಾದದ್ದಾ, ಅಥವಾ ಹೊಸದಾಗಿ ಇನ್ನೊಂದು ಹುಟ್ಟಿದ್ದಾ? ಆಗ ಹೇಳುವ ದಾರಿ ಇರಲಿಲ್ಲ.

1954ರಲ್ಲಿ ಫಿಲಡೆಲ್ಫಿಯಾದ ಫಿಲಿಪ್ ಕಸ್ಟರ್ ಒಬ್ಬನೇ ರೋಗಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಲಿಂಫೋಮಾ ಕಾಣಿಸಿಕೊಳ್ಳುವುದಕ್ಕೆ ಒಂದು ಹೆಸರು ಇಟ್ಟರು: ಕಾಂಪೊಸಿಟ್ ಲಿಂಫೋಮಾ. ಜಂಟಿ ಲಿಂಫೋಮಾ ಅನ್ನಬಹುದು. ಪದ ಸಡಿಲವಾಗಿತ್ತು, ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಿದರು. 1977ರಲ್ಲಿ ಸ್ಟ್ಯಾನ್‌ಫರ್ಡಿನ ಕಿಮ್, ಹೆಂಡ್ರಿಕ್ಸನ್, ಡಾರ್ಫ್‌ಮನ್ ಇದನ್ನ ಬಿಗಿ ಮಾಡಿದರು. ಒಂದೇ ಜಾಗದಲ್ಲಿ, ಒಂದೇ ಗಡ್ಡೆಯಲ್ಲಿ, ಸ್ಪಷ್ಟವಾಗಿ ಬೇರೆ ಬೇರೆಯಾಗಿ ಕಾಣುವ ಎರಡು ಬಗೆ ಇರಬೇಕು. ಆಗ ಮಾತ್ರ ಅದು ಜಂಟಿ. ಒಂದು ಬಗೆ ಕುತ್ತಿಗೆಯಲ್ಲಿ, ಇನ್ನೊಂದು ಮೂಳೆಮಜ್ಜೆಯಲ್ಲಿ ಇದ್ದರೆ ಅದಕ್ಕೆ ಬೇರೆ ಹೆಸರು. ಒಂದು ವಾಸಿಯಾಗಿ ಹತ್ತು ವರ್ಷದ ಮೇಲೆ ಇನ್ನೊಂದು ಬಂದರೆ ಅದೂ ಬೇರೆ. ಜಂಟಿ ಬಗೆ ಅಪರೂಪ. ಎಲ್ಲ ಲಿಂಫೋಮಾಗಳಲ್ಲಿ ಶೇಕಡಾ 1ರಿಂದ 4.7 ಅನ್ನೋದು ಹೆಚ್ಚಾಗಿ ಉಲ್ಲೇಖಿಸುವ ಅಂಕಿ.

ಆದರೆ ಎರಡು ಬಗೆ ಅನ್ನಬೇಕಾದರೆ ಬಗೆ ಯಾವುದು ಅಂತ ಮೊದಲು ಒಪ್ಪಬೇಕಲ್ಲ? 1970ರ ದಶಕದಲ್ಲಿ ಆ ಒಪ್ಪಂದವೇ ಇರಲಿಲ್ಲ. ಹಾಜ್‌ಕಿನ್ ಅಲ್ಲದ ಲಿಂಫೋಮಾಗಳಿಗೆ ಆರು ವರ್ಗೀಕರಣಗಳು ಏಕಕಾಲಕ್ಕೆ ಚಾಲ್ತಿಯಲ್ಲಿದ್ದವು. ಅಮೆರಿಕದಲ್ಲಿ ರಾಪಾಪೋರ್ಟ್ ಅವರದ್ದು, ಲೂಕ್ಸ್ ಮತ್ತು ಕಾಲಿನ್ಸ್ ಅವರದ್ದು, ಬ್ರಿಟನ್ನಿನದ್ದು ಒಂದು, ಹೀಗೆ. ಒಂದೇ ಗಾಜಿನ ಸ್ಲೈಡಿಗೆ ಲಂಡನ್ನಿನಲ್ಲಿ ಒಂದು ಹೆಸರು, ಷಿಕಾಗೋದಲ್ಲಿ ಇನ್ನೊಂದು. ಬಯಲುಸೀಮೆಯಲ್ಲಿ ಒಂದು, ಕರಾವಳಿಯಲ್ಲಿ ಇನ್ನೊಂದು ಹೆಸರಿರುವ ಮೀನಿನ ಹಾಗೆ. 1982ರಲ್ಲಿ 1175 ರೋಗಿಗಳ ಸ್ಲೈಡುಗಳನ್ನ ಇಟ್ಟುಕೊಂಡು ಆ ಆರನ್ನೂ ಪಕ್ಕಪಕ್ಕ ತೂಗಿ ನೋಡಿದರು. ಬಂದದ್ದು ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡುವ ಏಳನೆಯ ಪಟ್ಟಿ. ರಾಜಿ ಅಂತಾರಲ್ಲ, ಅದು.

ಯೂರೋಪಿನಲ್ಲಿ ಗಟ್ಟಿಯಾಗಿ ನಿಂತದ್ದು ಕೀಲ್ ವರ್ಗೀಕರಣ, 1974ರದ್ದು. ಜರ್ಮನಿಯ ಉತ್ತರದ ತುದಿಯಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಬಂದರು ಕೀಲ್. ಅದರ ಹಿಂದಿನ ಮನುಷ್ಯ ಕಾರ್ಲ್ ಲೆನರ್ಟ್. ಹುಟ್ಟಿದ್ದು ನಮ್ಮ ಬವೇರಿಯಾದ ಫ್ಯೂರ್ತ್‌ನಲ್ಲಿ, 1921ರಲ್ಲಿ. (ನಮ್ಮ ಬವೇರಿಯಾ ಅಂದೆ ನೋಡಿ! ಇಷ್ಟು ವರ್ಷ ಇದ್ದ ಮೇಲೆ ಬಾಯಿಗೆ ಬಂದುಬಿಡುತ್ತೆ.) ಲೆನರ್ಟ್ ಅವರ ಹಟ ಒಂದೇ. ಕೆಟ್ಟ ಕೋಶ ನೋಡೋಕೆ ಹೇಗಿದೆ ಅನ್ನೋದಕ್ಕಿಂತ, ಆರೋಗ್ಯವಂತ ಗ್ರಂಥಿಯ ಯಾವ ಕೋಶದಿಂದ ಅದು ಬಂತು ಅಂತ ಕೇಳಬೇಕು. ಪ್ರತಿ ಲಿಂಫೋಮಾಕ್ಕೂ ಒಂದು ತವರುಮನೆ ಇರಬೇಕು. ಜರ್ಮನಿಯ ಮೂಲೆಮೂಲೆಯ ಪ್ಯಾಥಾಲಜಿಸ್ಟರು ತಮಗೆ ಅನುಮಾನ ಬಂದ ಗ್ರಂಥಿಯ ತುಣುಕುಗಳನ್ನ ಪೋಸ್ಟಿನಲ್ಲಿ ಕೀಲ್‌ಗೆ ಕಳಿಸುತ್ತಿದ್ದರು. ಇವತ್ತು ಇಲ್ಲಿ ಲಿಂಫೋಮಾ ಅನುಮಾನ ಬಂದರೆ ತುಣುಕು "ರೆಫರೆನ್ಸ್ ಪ್ಯಾಥಾಲಜಿ" ಅನ್ನೋ ಎರಡನೇ ಲ್ಯಾಬಿಗೆ ಹೋಗುವ ವಾಡಿಕೆ ಇದೆಯಲ್ಲ, ಅದರ ಬೇರು ಇಂಥ ಪೋಸ್ಟ್ ಡಬ್ಬಿಗಳಲ್ಲಿದೆ.

ಕೀಲ್‌ಗೆ ಇದು ಹೊಸದೂ ಅಲ್ಲ. ಕೋಶ ವಿಭಜನೆಗೆ ಮೈಟೋಸಿಸ್ ಅಂತ ಹೆಸರು ಕೊಟ್ಟ ವಾಲ್ಟರ್ ಫ್ಲೆಮಿಂಗ್ ಅದೇ ಊರಿನಲ್ಲಿ ಪ್ರೊಫೆಸರ್ ಆಗಿದ್ದರು. ಗ್ರಂಥಿಯೊಳಗೆ ಗುಂಡಗೆ ಕಾಣುವ, ಕೋಶಗಳು ಜೋರಾಗಿ ಒಡೆಯುವ ತಾಣಗಳನ್ನ 1880ರ ದಶಕದಲ್ಲಿ ಅವರು ವಿವರಿಸಿ "ಕೈಮ್‌ಸೆಂಟ್ರುಮ್" ಅಂದರು. ಕನ್ನಡದಲ್ಲಿ ಮೊಳಕೆ ಕೇಂದ್ರ ಅನ್ನೋಣ. ಈ ಜಾಗವನ್ನ ನೆನಪಿಟ್ಟುಕೊಳ್ಳಿ. ಫಾಲಿಕ್ಯುಲರ್ ಲಿಂಫೋಮಾದ ತವರು ಇದೇ.

ಹಾಜ್‌ಕಿನ್‌ನ ತವರು ಮಾತ್ರ ಸಿಗಲೊಲ್ಲದು. ರೀಡ್–ಸ್ಟರ್ನ್‌ಬರ್ಗ್ ಕೋಶ ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಟಿ ಕೋಶ ಅಂದರು, ಬಿ ಕೋಶ ಅಂದರು, ಇನ್ನೂ ಏನೇನೋ ಅಂದರು. ಕಷ್ಟ ಏನಂದ್ರೆ, ಹಾಜ್‌ಕಿನ್ ಗಂಟಿನಲ್ಲಿ ಕೆಟ್ಟ ಕೋಶಗಳು ಸಾಮಾನ್ಯವಾಗಿ ನೂರಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ. ಮಿಕ್ಕದ್ದೆಲ್ಲ ಸುತ್ತ ನೆರೆದ ಒಳ್ಳೆಯ ಕೋಶಗಳ ಜಾತ್ರೆ. ಇಡೀ ಗಂಟನ್ನ ಅರೆದು ಡಿಎನ್ಎ ನೋಡಿದರೆ ಸಿಗೋದು ಜಾತ್ರೆಯ ಡಿಎನ್ಎ, ಕಳ್ಳನದ್ದಲ್ಲ.

ಹಾನೋವರಿನಲ್ಲಿ ಫೋಲ್ಕರ್ ಡೀಲ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಒಬ್ಬ ರೋಗಿಯ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ ಹಾಜ್‌ಕಿನ್ ಕೋಶಗಳನ್ನ ಲ್ಯಾಬಿನಲ್ಲಿ ಬೆಳೆಸಿದರು. ಎಲ್428 ಅಂತ ಅದರ ಹೆಸರು. ಆ ಕೋಶಗಳನ್ನ ಇಲಿಗಳಿಗೆ ಚುಚ್ಚಿ ಕೀಲ್‌ನಲ್ಲಿ ಹರಾಲ್ಡ್ ಸ್ಟೈನ್ ಅವರ ತಂಡ ಒಂದು ಆಂಟಿಬಾಡಿ ಮಾಡಿ 1982ರಲ್ಲಿ ಪ್ರಕಟಿಸಿತು. ಊರಿನ ಮೊದಲ ಎರಡಕ್ಷರವನ್ನೇ ತೆಗೆದುಕೊಂಡು ಅದಕ್ಕೆ ಕಿ-1 ಅಂತ ಹೆಸರು. ಅದು ಗುರುತಿಸುವ ಪ್ರೋಟೀನಿಗೆ ಈಗ ಸಿಡಿ30 ಅಂತಾರೆ. ಈಗ ಕಳ್ಳನ ಅಂಗಿಗೆ ಬಣ್ಣ ಹಚ್ಚಬಹುದಾಯ್ತು. ಜಾತ್ರೆಯಲ್ಲಿ ಯಾರು ಅಂತ ಕಂಡಿತು, ಎಲ್ಲಿಯವನು ಅಂತ ಮಾತ್ರ ಕಾಣಲಿಲ್ಲ.

ಎಲ್ಲಿಯವನು ಅಂತ ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. ಕಾರಣ, ಅದು ನಮ್ಮ ಓಲೆಗರಿಯ ಪಂಡಿತರ ಕೆಲಸದ ಹಾಗೇ ಇದೆ.

ಮೊದಲು ಹಿನ್ನೆಲೆ. ಬಿ ಕೋಶ ಅನ್ನೋದು ಆಂಟಿಬಾಡಿ ಮಾಡುವ ಕೋಶ. ಪ್ರತಿ ಬಿ ಕೋಶವೂ ಹುಟ್ಟುವಾಗಲೇ ತನ್ನ ಆಂಟಿಬಾಡಿ ಜೀನನ್ನ ತುಂಡುಗಳಿಂದ ಜೋಡಿಸಿಕೊಳ್ಳುತ್ತೆ, ಇಸ್ಪೀಟ್ ಎಲೆ ಕಲೆಸಿದ ಹಾಗೆ. ಬಾಸೆಲ್‌ನಲ್ಲಿ ಸುಸುಮು ಟೊನೆಗಾವಾ 1976ರಲ್ಲಿ ಇದನ್ನ ತೋರಿಸಿದರು. 1987ರಲ್ಲಿ ನೊಬೆಲ್ ಬಂತು. ಬೇರೆ ಬೇರೆ ಹುಟ್ಟಿನ ಎರಡು ಬಿ ಕೋಶಗಳಲ್ಲಿ ಒಂದೇ ಜೋಡಣೆ ಇರೋದಿಲ್ಲ ಅಂತಲೇ ಹೇಳಬಹುದು. ಆಮೇಲೆ ಸೋಂಕು ಬಂದಾಗ ಈ ಕೋಶಗಳು ಮೊಳಕೆ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಒಡೆದು ಒಡೆದು ಹೆಚ್ಚಾಗುವಾಗ ಆ ಜೀನಿನಲ್ಲಿ ಬೇಕಂತಲೇ ಅಕ್ಷರದೋಷ ಮಾಡಿಕೊಳ್ಳುತ್ತವೆ. ಯಾವ ದೋಷದಿಂದ ಆಂಟಿಬಾಡಿ ಇನ್ನೂ ಚೆನ್ನಾಗಿ ಅಂಟುತ್ತೋ ಆ ಕೋಶ ಉಳಿಯುತ್ತೆ, ಮಿಕ್ಕವು ಸಾಯುತ್ತವೆ.

ಈಗ ಓಲೆಗರಿ. ಹಳೆಯ ಕಾವ್ಯವೊಂದರ ಹತ್ತು ಪ್ರತಿ ಸಿಕ್ಕಿವೆ ಅಂದುಕೊಳ್ಳಿ. ಒಂದರಿಂದ ಒಂದು ನಕಲು ಮಾಡುವಾಗ ಲಿಪಿಕಾರ ತಪ್ಪು ಮಾಡುತ್ತಾನೆ. ಎರಡು ಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು ಇದ್ದರೆ, ಎರಡಕ್ಕೂ ಒಂದೇ ತಾಯಿಪ್ರತಿ ಇತ್ತು ಅಂತ ಅರ್ಥ. ಒಂದರಲ್ಲಿ ಮಾತ್ರ ಇರುವ ತಪ್ಪು, ಕವಲೊಡೆದ ಮೇಲಿನದು. ಡಿ. ಎಲ್. ನರಸಿಂಹಾಚಾರ್ ವಡ್ಡಾರಾಧನೆಯನ್ನ ಸಂಪಾದಿಸಿದವರು. "ಕನ್ನಡ ಗ್ರಂಥಸಂಪಾದನೆ" ಅನ್ನೋ ಪುಸ್ತಕದಲ್ಲಿ ಈ ಶಾಸ್ತ್ರವನ್ನೇ ಕನ್ನಡಕ್ಕೆ ಕಟ್ಟಿಕೊಟ್ಟರು. ಯೂರೋಪಿನಲ್ಲಿ ಈ ವಿಧಾನಕ್ಕೆ 19ನೇ ಶತಮಾನದ ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್ ಹೆಸರು ಅಂಟಿಕೊಂಡಿದೆ. ತಪ್ಪುಗಳೇ ವಂಶವೃಕ್ಷ ಹೇಳುತ್ತವೆ. ಸರಿಯಾಗಿರುವ ಅಕ್ಷರ ಏನನ್ನೂ ಹೇಳೋದಿಲ್ಲ.

1990ರ ದಶಕದಲ್ಲಿ ಕೊಲೋನ್ ವಿಶ್ವವಿದ್ಯಾಲಯದ ಕ್ಲಾಸ್ ರಾಯೆವ್‌ಸ್ಕಿ, ರಾಲ್ಫ್ ಕ್ಯೂಪರ್ಸ್ ಮತ್ತು ಅವರ ಜೊತೆ ಪ್ಯಾಥಾಲಜಿಸ್ಟ್ ಮಾರ್ಟಿನ್-ಲೆಯೊ ಹಾನ್ಸ್‌ಮನ್ ಒಂದು ತಾಳ್ಮೆಯ ಕೆಲಸಕ್ಕೆ ಕೈಹಾಕಿದರು. ಹೆಪ್ಪುಗಟ್ಟಿಸಿದ ಗ್ರಂಥಿಯ ತೆಳು ಪದರ. ಅದರಲ್ಲಿ ಬಣ್ಣ ಹಚ್ಚಿದ ರೀಡ್–ಸ್ಟರ್ನ್‌ಬರ್ಗ್ ಕೋಶಗಳು. ಸೂಕ್ಷ್ಮದರ್ಶಕದಡಿ ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯಿಂದ ಒಂದೊಂದೇ ಕೋಶವನ್ನ ಎತ್ತಿ, ಬೇರೆ ಬೇರೆ ಕೊಳವೆಗೆ ಹಾಕಿ, ಪಿಸಿಆರ್‌ನಿಂದ ಆಂಟಿಬಾಡಿ ಜೀನನ್ನ ಸಾವಿರಾರು ಪಟ್ಟು ಹೆಚ್ಚಿಸಿ, ಅಕ್ಷರ ಅಕ್ಷರ ಓದೋದು. ಅಕ್ಕಿಯಲ್ಲಿ ಕಲ್ಲು ಆರಿಸೋದು ಇದರ ಮುಂದೆ ಏನೇನೂ ಅಲ್ಲ. 1994ರಲ್ಲಿ ಮೊದಲ ಫಲಿತಾಂಶ, 1996ರಲ್ಲಿ ಇನ್ನೂ ಗಟ್ಟಿಯಾದದ್ದು. ಕೋಶಗಳಲ್ಲಿ ಆಂಟಿಬಾಡಿ ಜೀನಿನ ಜೋಡಣೆ ಇತ್ತು, ಅಂದರೆ ಅವು ಬಿ ಕೋಶಗಳು. ಅಕ್ಷರದೋಷಗಳಿದ್ದವು, ಅಂದರೆ ಮೊಳಕೆ ಕೇಂದ್ರಕ್ಕೆ ಹೋಗಿ ಬಂದವು. ಕೆಲವದರಲ್ಲಿ ಜೀನನ್ನೇ ಮುರಿದುಹಾಕುವ ದೋಷ. ಅಂಥ ಕೋಶ ಸಾಯಬೇಕಾಗಿತ್ತು, ಸಾಯಲಿಲ್ಲ.

ಹಾಜ್‌ಕಿನ್ ಲಂಡನ್ನಿನಲ್ಲಿ ಬರೆದು 160 ವರ್ಷದ ಮೇಲೆ ಅವನ ಕಾಯಿಲೆಯ ತವರು ಸಿಕ್ಕಿತು. ಅದು ಫಾಲಿಕ್ಯುಲರ್ ಲಿಂಫೋಮಾದ ತವರೇ!

ಜಂಟಿ ಪ್ರಶ್ನೆಗೆ ಉತ್ತರ ಬಂದದ್ದು 1999ರಲ್ಲಿ. ಆಂಡ್ರೇಯಾಸ್ ಬ್ರೌನಿಂಗರ್ ಮತ್ತು ಅದೇ ತಂಡ ಹಾಜ್‌ಕಿನ್ ಮತ್ತು ಹಾಜ್‌ಕಿನ್ ಅಲ್ಲದ ಲಿಂಫೋಮಾ ಎರಡೂ ಇದ್ದ ಇಬ್ಬರು ರೋಗಿಗಳ ಕೋಶಗಳನ್ನ ಹೀಗೇ ಒಂದೊಂದಾಗಿ ಆರಿಸಿ ಓದಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿತು. ಇಬ್ಬರಲ್ಲೂ ಎರಡು ಬಗೆಯ ಕೋಶಗಳಿಗೂ ಒಂದೇ ಜೀನ್ ಜೋಡಣೆ. ಕೆಲವು ಅಕ್ಷರದೋಷ ಎರಡರಲ್ಲೂ ಒಂದೇ. ಇನ್ನು ಕೆಲವು ಒಂದರಲ್ಲಿ ಇವೆ, ಇನ್ನೊಂದರಲ್ಲಿ ಇಲ್ಲ. ತಾಯಿಪ್ರತಿ ಒಂದು, ನಕಲು ಎರಡು. ಮೊಳಕೆ ಕೇಂದ್ರದಲ್ಲಿ ಒಂದು ಬಿ ಕೋಶ ಅರ್ಧ ಕೆಟ್ಟಿತು. ಅದರ ಮಕ್ಕಳು ಅಲ್ಲೇ ಕವಲೊಡೆದು, ಒಂದು ಕವಲು ಹಾಜ್‌ಕಿನ್ ಆಯಿತು, ಇನ್ನೊಂದು ಬೇರೆ. ಒಂದು ಇನ್ನೊಂದಾಗಿ ಬದಲಾದದ್ದಲ್ಲ ಅನ್ನೋದನ್ನ ಗಮನಿಸಿ. ಎರಡರಲ್ಲೂ ಸ್ವಂತ ದೋಷಗಳಿದ್ದವು. ತಂದೆ ಮಗ ಅಲ್ಲ, ದಾಯಾದಿಗಳು.

ಕ್ಯಾನ್ಸರ್ ಅನ್ನೋದು ಒಂದೇ ಕೆಟ್ಟ ಕೋಶದ ಸಂತಾನ ಅಂತ ಮೊದಲೇ ಊಹಿಸಿದ್ದು ತೆಯೊಡೋರ್ ಬೊವೆರಿ. ಬಾಂಬೆರ್ಗ್‌ನಲ್ಲಿ ಹುಟ್ಟಿ ಮ್ಯೂನಿಕ್‌ನಲ್ಲಿ ಕಲಿತು ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಪಾಠ ಮಾಡಿದವರು. ಸಮುದ್ರದ ಮುಳ್ಳುಚೆಂಡಿನ ಮೊಟ್ಟೆಗಳನ್ನ ನೋಡುತ್ತಾ ನೋಡುತ್ತಾ ಈ ಯೋಚನೆಗೆ ಬಂದು 1914ರಲ್ಲಿ ಪುಸ್ತಕ ಬರೆದರು, ಮರುವರ್ಷ ತೀರಿಹೋದರು. ಇಂಥ ಕವಲಿನ ವಂಶವೃಕ್ಷ ಅವರಿಗೆ ಇಷ್ಟವಾಗುತ್ತಿತ್ತು ಅಂತ ನನಗನ್ನಿಸುತ್ತೆ.

ಎಲ್ಲ ಜಂಟಿಗಳೂ ದಾಯಾದಿಗಳೇ ಅಂತಲ್ಲ. ಕೆಲವು ನಿಜವಾಗಿ ಅಪರಿಚಿತರು, ಒಂದೇ ಗಂಟಿನಲ್ಲಿ ಬಾಡಿಗೆಗೆ ಬಂದವರು. ರಿಕ್ಟರ್ ಕಥೆಯಲ್ಲೂ ಹೀಗೇ. ಈಗಿನ ಪರೀಕ್ಷೆಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ಉಗ್ರವಾದದ್ದು ಹಳೆಯ ಲುಕೇಮಿಯಾದ ವಂಶದ್ದೇ. ಉಳಿದದ್ದರಲ್ಲಿ ಸಂಬಂಧವೇ ಇಲ್ಲ. ಇದು ಬರೀ ಕುತೂಹಲದ ಲೆಕ್ಕ ಅಂದುಕೊಳ್ಳಬೇಡಿ. ಸಂಬಂಧವಿಲ್ಲದ ಬಗೆಯವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ, ಅವರ ಚಿಕಿತ್ಸೆಯ ಯೋಚನೆಯೇ ಬೇರೆ. "ಒಂದಾ, ಎರಡಾ" ಅಂತ ಹಾಸನದ ಅಮ್ಮ ಕೇಳಿದ್ದು ಡಾಕ್ಟರು ಕೇಳುವ ಪ್ರಶ್ನೆಯೇ.

ಅಣ್ಣನ ವಿಷಯಕ್ಕೆ ಬರ್ತೀನಿ. ಇಲ್ಲಿನ ಡಾಕ್ಟರು ಎರಡು ರಿಪೋರ್ಟನ್ನೂ ನೋಡಿ ಯಾರನ್ನೂ ಬೈಯಲಿಲ್ಲ. "ಬೆಂಗಳೂರಿನ ಬ್ಲಾಕ್ ಸಿಗುತ್ತಾ?" ಅಂತ ಕೇಳಿದರು. ಬ್ಲಾಕ್ ಅಂದರೆ ಗ್ರಂಥಿಯ ತುಣುಕನ್ನ ಮೇಣದಲ್ಲಿ ಇಟ್ಟು ಗಟ್ಟಿ ಮಾಡಿದ ಸಣ್ಣ ಚೌಕ, ವರ್ಷಗಟ್ಟಲೆ ಕೆಡೋದಿಲ್ಲ. ಜರ್ಮನಿಯಲ್ಲಿ ಅದು ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ ತಾನೇ ಹೋಗುತ್ತೆ, ರೋಗಿ ಅದನ್ನ ಕಣ್ಣಲ್ಲೂ ನೋಡೋದಿಲ್ಲ. ನಮ್ಮ ಕಡೆ ಕೇಳಿದರೆ ರೋಗಿಯ ಕೈಗೇ ಕೊಡೋದುಂಟು. ಅಣ್ಣನ ತಮ್ಮ ಸಹಿ ಹಾಕಿ ಬ್ಲಾಕ್ ತಂದು, ಕುಂಕುಮದ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟು, ಮ್ಯೂನಿಕ್‌ಗೆ ಬರುತ್ತಿದ್ದ ಪರಿಚಯದವರ ಕೈಲಿ ಕಳಿಸಿದರು. ಚಟ್ನಿಪುಡಿ ಪ್ಯಾಕೆಟ್ಟಿನ ಜೊತೆ.

ರೆಫರೆನ್ಸ್ ಲ್ಯಾಬಿನವರು ಆ ಬ್ಲಾಕಿನಿಂದ ಹೊಸ ಪದರಗಳನ್ನ ಕತ್ತರಿಸಿದರು. ಮೊದಲ ಕೆಲವು ಪದರಗಳಲ್ಲಿ ಬೆಂಗಳೂರಿನವರು ಹೇಳಿದ್ದೇ: ಫಾಲಿಕ್ಯುಲರ್. ಇನ್ನೂ ಆಳಕ್ಕೆ ಹೋದಾಗ, ಒಂದು ಮೂಲೆಯಲ್ಲಿ, ಸಿಡಿ30 ಬಣ್ಣ ಹತ್ತಿದ ಗೂಬೆಗಣ್ಣಿನ ಕೋಶಗಳ ಒಂದು ಗುಂಪು. ಕುತ್ತಿಗೆಯ ಗಂಟಿನಲ್ಲಿ ಎರಡೂ ಇದ್ದವು. ಕಂಕುಳಿನದರಲ್ಲಿ ಹಾಜ್‌ಕಿನ್ ಒಂದೇ. ಬೆಂಗಳೂರಿನವರಿಗೆ ಸಿಕ್ಕ ಪದರದಲ್ಲಿ ಇದ್ದದ್ದನ್ನ ಅವರು ಬರೆದರು, ಮ್ಯೂನಿಕ್‌ನವರಿಗೆ ಸಿಕ್ಕ ಗಂಟಿನಲ್ಲಿ ಇದ್ದದ್ದನ್ನ ಇವರು ಬರೆದರು. ಅತ್ತಿಗೆ ಆ ಸಂಜೆ ಬೆಂಗಳೂರಿನ ಬಗ್ಗೆ ಆಡಿದ ಮಾತುಗಳನ್ನೆಲ್ಲ ವಾಪಸ್ ತಗೊಂಡರು.

ಆಮೇಲೆ ಚಿಕಿತ್ಸೆ. ಇಂಥದ್ದಕ್ಕೆ ಸಿದ್ಧ ಔಷಧಿಪಟ್ಟಿ ಇರೋದಿಲ್ಲ. ಅಪರೂಪದ ಕಾಯಿಲೆ, ಸಾವಿರಾರು ರೋಗಿಗಳನ್ನ ಸೇರಿಸಿ ಪ್ರಯೋಗ ಮಾಡೋಕೆ ಜನವೇ ಸಿಗೋದಿಲ್ಲ. ಫಾಲಿಕ್ಯುಲರ್ ಲಿಂಫೋಮಾ ಒಂದೇ ಆಗಿದ್ದರೆ, ತೊಂದರೆ ಕೊಡದಿದ್ದರೆ, ಕಾದು ನೋಡೋಣ ಅಂತ ವರ್ಷಗಟ್ಟಲೆ ಸುಮ್ಮನಿರಬಹುದಾಗಿತ್ತು. ಬಹಳ ಸಲ ಅದು ಪೂರ್ತಿ ವಾಸಿಯಾಗೋದಿಲ್ಲ, ಆದರೆ ಅವಸರವೂ ಮಾಡೋದಿಲ್ಲ. ಹಾಜ್‌ಕಿನ್ ಹಾಗಲ್ಲ. ಬಿಟ್ಟರೆ ಕೊಲ್ಲುತ್ತೆ, ಹಿಡಿದರೆ ಬಹುಪಾಲು ಜನರಲ್ಲಿ ವಾಸಿಯಾಗುತ್ತೆ. ಹಾಗಾಗಿ ಸಾಮಾನ್ಯವಾಗಿ ವೈದ್ಯರು ಹೆಚ್ಚು ಅಪಾಯದ ಬಗೆಯನ್ನ ಮೊದಲು ಹಿಡೀತಾರೆ, ಜೊತೆಗೆ ಇನ್ನೊಂದಕ್ಕೂ ತಾಗುವ ಔಷಧಿಯನ್ನ ಸೇರಿಸೋಕಾಗುತ್ತಾ ಅಂತ ನೋಡ್ತಾರೆ. ಅಣ್ಣನ ವಿಷಯವನ್ನ ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಹಲವು ವಿಭಾಗದ ಡಾಕ್ಟರುಗಳ ವಾರದ ಸಭೆಯಲ್ಲಿ, ಎರಡು ಸಲ ಚರ್ಚೆ ಮಾಡಿದರು. ಬೆಂಗಳೂರಿನ ಮೊದಲ ರಿಪೋರ್ಟನ್ನೇ ನಂಬಿ ಕಾದು ನೋಡಿದ್ದರೆ ಏನಾಗುತ್ತಿತ್ತು ಅಂತ ಅಣ್ಣ ಒಮ್ಮೆ ನನ್ನನ್ನ ಕೇಳಿದರು. ಫೆರಿಂಗಾಸೇ ಕೆರೆಯ ಸುತ್ತ ನಡೀತಿದ್ದೆವು. ನಾನು ಬಾತುಕೋಳಿಗಳ ಕಡೆ ನೋಡಿದೆ.

ಚಿಕಿತ್ಸೆ ಆರು ತಿಂಗಳು ನಡೆಯಿತು. ಕೂದಲು ಹೋಗಿ ಮತ್ತೆ ಬಂತು, ಈ ಸಲ ಸ್ವಲ್ಪ ಗುಂಗುರು. ಕೊನೆಯ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಹಾಜ್‌ಕಿನ್ ಬಗ್ಗೆ ಡಾಕ್ಟರಿಗೆ ಧೈರ್ಯ ಇದೆ. ಫಾಲಿಕ್ಯುಲರ್ ಯಾವಾಗಲಾದರೂ ತಲೆ ಎತ್ತಬಹುದು, ಹಾಗಾಗಿ ಮೂರು ತಿಂಗಳಿಗೊಮ್ಮೆ ಎಸ್ 8 ಹತ್ತಿ ಹೋಗಿ ತೋರಿಸಿಕೊಂಡು ಬರ್ತಾರೆ.

ಎರಡು ಬಗೆಯೂ ಒಂದೇ ಮೂಲದ್ದಾ ಅನ್ನುವ ಜೀನ್ ಪರೀಕ್ಷೆಯ ಫಲಿತಾಂಶ ಚಿಕಿತ್ಸೆ ಶುರುವಾದ ಮೇಲೆ ಬಂತು. ಜೋಡಣೆ ಒಂದೇ ಅಂತ ಇತ್ತು. ಅಣ್ಣ ಸ್ಪೀಕರ್ ಹಾಕಿ ಊರಿಗೆ ಫೋನ್ ಮಾಡಿದರು. ಈ ಸಲ ನಾನು ಓದಿಕೊಂಡಿದ್ದೆ. ಬಿ ಕೋಶ, ಮೊಳಕೆ ಕೇಂದ್ರ, ಓಲೆಗರಿ, ದಾಯಾದಿ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಅಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಅಂದ್ರೆ ಪಾಲಾಗಿದಾರೆ, ಮನೆತನ ಒಂದೇ," ಅಂದರು. ಆಮೇಲೆ, "ಸರಿ, ಅವನಿಗೆ ಫೋನ್ ಕೊಡಪ್ಪ. ಊಟ ಮಾಡಿದ್ನಾ ಕೇಳ್ಬೇಕು."